ಛತ್ರಿ ಎರಡು, ವೈರ್ ಒಂದು: ಎಚ್‌ಡಿ ಚಾನೆಲ್ ಕೈಕೊಟ್ಟಾಗ ಹುಡುಕುವ ದಾರಿ

ಬಾಗಲಕೋಟೆ ನವನಗರದ ನಮ್ಮ ಕಾಕಾನ ಮನೆಯಿಂದ ಭಾನುವಾರ ಮಧ್ಯಾಹ್ನ ಫೋನ್ ಬಂತು. ಮ್ಯಾಚ್ ಶುರುವಾಗಲು ಅರ್ಧ ಗಂಟೆ ಇತ್ತು. "ಏನವಾ, ಒಂದು ಛತ್ರಿ ಇದ್ದಾಗ ಎಲ್ಲಾ ಚಂದ ಬರತಿತ್ತು. ಎರಡು ಮಾಡೀವಿ, ಈಗ ಒಂದೂ ನೆಟ್ಟಗ ಬರವಲ್ದು" ಅಂದರು.

ನಮ್ಮ ಕಡೆ ಡಿಶ್‌ಗೆ ಛತ್ರಿ ಅಂತಲೇ ಹೆಸರು. ಕಾಕಾನ ಮಾಳಿಗೆ ಮೇಲೆ ಮೊದಲಿನಿಂದಲೂ ಒಂದು ಖಾಸಗಿ ಡಿಟಿಎಚ್ ಛತ್ರಿ ಇದೆ. ಕನ್ನಡ ಎಚ್‌ಡಿ ಚಾನೆಲ್‌ಗಳ ಪ್ಯಾಕ್ ಹಾಕಿಸಿಕೊಂಡಿದ್ದಾರೆ. ಅದರ ಪಕ್ಕದಲ್ಲಿ ಹೋದ ತಿಂಗಳು ಡಿಡಿ ಫ್ರೀ ಡಿಶ್ ಛತ್ರಿ ಹಾಕಿಸಿದ್ದರು. ಹೊಸ ಟಿವಿಯ ಒಳಗೇ ಸ್ಯಾಟಲೈಟ್ ಟ್ಯೂನರ್ ಇದೆ, ಬೇರೆ ಬಾಕ್ಸ್ ಬೇಡ, ವೈರ್ ತಂದು ಚುಚ್ಚಿದರೆ ಸಾಕು ಎಂದು ಅಂಗಡಿಯವರು ಹೇಳಿದ್ದರಂತೆ. ಅದೇನೂ ಸುಳ್ಳಲ್ಲ.

ದುಡ್ಡು ಕೊಟ್ಟು ನೋಡುವ ಡಿಟಿಎಚ್ ಇರುವಾಗ ಫ್ರೀ ಡಿಶ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕಾಕಾನ ಉತ್ತರ ಒಂದೇ: ಕ್ರಿಕೆಟ್. ಇದರ ಹಿಂದೆ ಒಂದು ಕಾನೂನಿನ ಕಥೆ ಇದೆ. 2007ರ ಕಾಯ್ದೆಯ ಪ್ರಕಾರ, ರಾಷ್ಟ್ರೀಯ ಮಹತ್ವದ್ದು ಎಂದು ಸರ್ಕಾರ ಗುರುತಿಸಿದ ಪಂದ್ಯಗಳ ಪ್ರಸಾರವನ್ನು ಖಾಸಗಿ ಚಾನೆಲ್‌ನವರು ದೂರದರ್ಶನ ನಡೆಸುವ ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ಆದರೆ ಹಾಗೆ ಹಂಚಿಕೊಂಡದ್ದನ್ನು ಪ್ರಸಾರ ಭಾರತಿ ಫ್ರೀ ಡಿಶ್‌ನಂಥ ತನ್ನ ಸ್ವಂತ ಜಾಲದಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಮತ್ತು ಡಿಟಿಎಚ್ ಮೂಲಕ ಅಲ್ಲ ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಖಾಸಗಿ ಡಿಟಿಎಚ್‌ನಲ್ಲಿ ದೂರದರ್ಶನದ ಚಾನೆಲ್ ಹಾಕಿದರೆ ಪಂದ್ಯದ ಹೊತ್ತಿಗೆ ಬೇರೆ ಏನೋ ಓಡುತ್ತಿರುತ್ತದೆ. ಅದು ದೋಷ ಅಲ್ಲ, ರಿಪೇರಿಯೂ ಇಲ್ಲ. ಸುಮ್ನೆ ಬಾಕ್ಸ್ ಬಿಚ್ಚಬೇಡಿ.

ಇನ್ನೊಂದು ಪ್ರಶ್ನೆಯೂ ಮೊದಲೇ ಮುಗಿಯಲಿ. ಮಾಳಿಗೆ ಮೇಲೆ ಹಳೆಯ ಮೀನಿನ ಮುಳ್ಳಿನಂಥ ಆಂಟೆನಾ ಇನ್ನೂ ನಿಂತಿದೆ, ಅದರಿಂದ ಊರಿನ ಎಚ್‌ಡಿ ಚಾನೆಲ್ ಹಿಡಿಯಬಹುದಾ? ಬೇರೆ ಕೆಲವು ದೇಶಗಳಲ್ಲಿ ಹಿಡಿಯುತ್ತಾರೆ. ಛತ್ರಿಯ ಜೊತೆಗೊಂದು ಆಂಟೆನಾ ನಿಲ್ಲಿಸಿ ಊರಿನ ಎಚ್‌ಡಿಯನ್ನು ಪುಕ್ಕಟೆ ನೋಡುತ್ತಾರೆ. ನಮ್ಮಲ್ಲಿ ದೂರದರ್ಶನದ ಹಳೆಯ ಅನಲಾಗ್ ಗೋಪುರಗಳು, ಗಡಿಯಂಥ ಮುಖ್ಯ ಜಾಗಗಳ ಸುಮಾರು 50 ಬಿಟ್ಟು, 2022ರ ಮಾರ್ಚ್ ಹೊತ್ತಿಗೆ ಬಂದ್ ಆದವು. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಚಂದನ ಬೇಕು ಅಂದರೆ ಈಗ ಆಕಾಶವೇ ಗತಿ. ಬೆಳಗಾವಿಯ ಮನೆಗಳಲ್ಲಿ ಚಂದನದ ಜೊತೆ ಮರಾಠಿಯ ಸಹ್ಯಾದ್ರಿಯೂ ಬೇಕಿರುತ್ತದೆ. ಎರಡೂ ಫ್ರೀ ಡಿಶ್‌ನಲ್ಲಿವೆ.

ಅಂದಹಾಗೆ, ಆಕಾಶದಿಂದ ಟಿವಿ ಬರುವುದು ನಮ್ಮ ಕಡೆಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಮೂರು: ಬಿಜಾಪುರ, ಗುಲ್ಬರ್ಗಾ, ರಾಯಚೂರು. ಆಗ ಬಾಗಲಕೋಟೆಯೂ ಬಿಜಾಪುರ ಜಿಲ್ಲೆಯ ಒಳಗೇ ಇತ್ತು. ಕೋಳಿ ಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಛತ್ರಿಗಳು ಹಳ್ಳಿಗಳಲ್ಲಿ ನಿಂತಿದ್ದವು. ಆ ಉಪಗ್ರಹ 35 ಡಿಗ್ರಿ ಪೂರ್ವದಲ್ಲಿತ್ತು. ಹಾಗಾಗಿ ಆ ಛತ್ರಿಗಳ ಮುಖ ಪಶ್ಚಿಮಕ್ಕೆ. ಈಗಿನವು ಆಗ್ನೇಯಕ್ಕೆ ಮುಖ ಮಾಡಿವೆ.

ಸರಿ, ಕಾಕಾನ ಮನೆಗೆ ಬರೋಣ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು, ಛತ್ರಿ ಹಾಕುವ ಕಸುಬಿನವಳಲ್ಲ. ಆದರೂ ಮಾಡಬಾರದ ತಪ್ಪು ಮಾಡಿದೆ. ಮುಂದಿನ ಶನಿವಾರ ಹೋದವಳೇ ಸೀದಾ ಮಾಳಿಗೆ ಹತ್ತಿ, ಪಾನಾ ಹಿಡಿದು ಹೊಸ ಛತ್ರಿ ತಿರುಗಿಸಿದೆ. ಅರ್ಧಂಬರ್ಧ ಬರುತ್ತಿದ್ದ ಚಾನೆಲ್‌ಗಳೂ ಹೋದವು. ಎರಡು ತಾಸು ಬಿಸಿಲಿನಲ್ಲಿ ಬೆಂದೆ. ದೋಷ ಛತ್ರಿಯಲ್ಲಿ ಇರಲೇ ಇಲ್ಲ. ಅದಕ್ಕೇ ಈಗ ಯಾರು ಕೇಳಿದರೂ ಹೇಳುವುದು ಇಷ್ಟು: ಟಿವಿಯಿಂದ ಶುರು ಮಾಡಿ, ವೈರ್ ಹಿಡಿದುಕೊಂಡು ಹಿಂದಕ್ಕೆ ಹೋಗಿ, ಛತ್ರಿ ಕೊನೆಗೆ.

ಟಿವಿ ಮುಂದೆ ಕುಳಿತೇ ಆಗುವ ಕೆಲಸ

ಏನು ಹೋಗಿದೆ ಎಂದು ಮೊದಲು ಚೀಟಿಯಲ್ಲಿ ಬರೆದುಕೊಳ್ಳಿ. "ಬರವಲ್ದು" ಅನ್ನುವುದು ಲಕ್ಷಣ ಅಲ್ಲ. ಎಲ್ಲ ಚಾನೆಲ್ ಹೋಗಿವೆಯಾ, ಕೆಲವು ಮಾತ್ರವಾ? ಎಚ್‌ಡಿ ಮಾತ್ರ ಹೋಗಿ ಸಾದಾ ಚಾನೆಲ್ ಬರುತ್ತಿದೆಯಾ? ಒಂದನ್ನು ಹಾಕಿದಾಗ ಇನ್ನೊಂದು ಹೋಗುತ್ತದೆಯಾ? ಮೋಡ ಬಂದಾಗ ಮಾತ್ರವಾ? ಕಾಕಾ ಫೋನಿನಲ್ಲೇ ಒಂದು ಮಾತು ಹೇಳಿದ್ದರು: "ಬಾಕ್ಸಿನ್ಯಾಗ ಕೆಲವೊಂದು ಚಾನೆಲ್ ಹಾಕಿದ್ರ ಡಿಡಿ ಹೋಗತೈತಿ, ಕೆಲವೊಂದು ಹಾಕಿದ್ರ ಇರತೈತಿ." ಇಡೀ ಉತ್ತರ ಆ ಒಂದು ಮಾತಿನಲ್ಲಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತೆರೆಯ ಮೇಲೆ ಏನು ಕಾಣುತ್ತಿದೆ ಅನ್ನುವುದೂ ಮುಖ್ಯ. ನೀವು ಈ ಚಾನೆಲ್‌ಗೆ ಚಂದಾದಾರರಲ್ಲ ಎಂಬ ಅರ್ಥದ ಬರಹ ಬಂದರೆ ಅದು ಪ್ಯಾಕ್‌ನ ವಿಷಯ. ಸಿಗ್ನಲ್ ಸರಿಯಾಗಿಯೇ ಬರುತ್ತಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2019ರ ನಿಯಮಗಳ ನಂತರ ಒಂದೇ ಚಾನೆಲ್ಲಿನ ಸಾದಾ ರೂಪ ಮತ್ತು ಎಚ್‌ಡಿ ರೂಪ ಲೆಕ್ಕದಲ್ಲಿ ಬೇರೆ ಬೇರೆ. ಪ್ಯಾಕ್ ಬದಲಿಸುವಾಗ ಎಚ್‌ಡಿ ಕೈಬಿಟ್ಟು ಹೋಗುವುದು ಮಾಮೂಲಿ. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೆ, ದನಿ ಕಟ್ ಕಟ್ ಆಗುತ್ತಿದ್ದರೆ, ಇಲ್ಲವೇ ಸಿಗ್ನಲ್ ಇಲ್ಲ ಎಂದು ತೋರಿಸಿದರೆ ಮಾತ್ರ ಮುಂದಿನದನ್ನು ಓದಿ.

ಎಚ್‌ಡಿ ಚಾನೆಲ್ ಬರುತ್ತಿದೆ, ಆದರೆ ಮಬ್ಬಾಗಿ ಕಾಣುತ್ತಿದೆ ಅನ್ನುವವರು ಬಾಕ್ಸ್ ಹಿಂದೆ ಕೈ ಹಾಕಿ ನೋಡಿ. ಹಳದಿ, ಕೆಂಪು, ಬಿಳಿ ಮೂರು ಪಿನ್ನಿನ ವೈರ್ ಹಾಕಿದ್ದರೆ ಎಚ್‌ಡಿ ಆ ದಾರಿಯಲ್ಲಿ ಬರುವುದೇ ಇಲ್ಲ. ಎಚ್‌ಡಿಎಂಐ ವೈರ್ ಬೇಕು. ಹಳೆಯ ಟಿವಿ ತೆಗೆದು ಹೊಸದು ತಂದಾಗ ಹಳೆಯ ವೈರನ್ನೇ ಚುಚ್ಚಿಬಿಡುವ ಮನೆಗಳು ಬಹಳ.

ಫ್ರೀ ಡಿಶ್ ಕಡೆ ಇನ್ನೊಂದು ಗೊಂದಲ ಇದೆ. ಅದರಲ್ಲಿ ಎಂಪೆಗ್-2 ಮತ್ತು ಎಂಪೆಗ್-4 ಎಂಬ ಎರಡು ಬಗೆಯ ಚಾನೆಲ್‌ಗಳಿವೆ. ಎಚ್‌ಡಿ ಬರುವುದು ಎಂಪೆಗ್-4ರಲ್ಲಿ. ಹಳೆಯ ಎಂಪೆಗ್-2 ಬಾಕ್ಸ್ ಇದ್ದರೆ ಆ ಚಾನೆಲ್‌ಗಳು ಪಟ್ಟಿಯಲ್ಲೇ ಕಾಣುವುದಿಲ್ಲ, ಇಲ್ಲವೇ ಹೆಸರು ಬಂದು ತೆರೆ ಕಪ್ಪಗಿರುತ್ತದೆ. ಆಗ ಛತ್ರಿ ಎಷ್ಟು ತಿರುಗಿಸಿದರೂ ಲಾಭ ಇಲ್ಲ, ಬಾಕ್ಸ್ ಬದಲಿಸಬೇಕು. ಒಳಗೇ ಟ್ಯೂನರ್ ಇರುವ ಹೊಸ ಟಿವಿಗಳಿಗೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಇಂಥ ಟಿವಿಗಳಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 18112 ಎಂಬ ಮಾನದಂಡವನ್ನೂ 2022ರಲ್ಲಿ ತಂದಿದೆ.

ಇನ್ನೊಂದು: ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಹೋಗುತ್ತದೆ. ಹರಾಜು ಆದಾಗ ಚಾನೆಲ್‌ಗಳು ಜಾಗ ಬದಲಿಸುತ್ತವೆ, ಕೆಲವು ಹೋಗುತ್ತವೆ. ನಿನ್ನೆ ಇದ್ದದ್ದು ಇಂದು ಇಲ್ಲ ಅಂದರೆ ಮೊದಲು ಮತ್ತೊಮ್ಮೆ ಸ್ಕ್ಯಾನ್ ಮಾಡಿ.

ಸ್ಕ್ಯಾನ್ ಮಾಡುವ ಮುನ್ನ ಸೆಟ್ಟಿಂಗ್ ನೋಡಿ. ಫ್ರೀ ಡಿಶ್ ಇರುವುದು ಜಿಸ್ಯಾಟ್-15 ಉಪಗ್ರಹದಲ್ಲಿ, 93.5 ಡಿಗ್ರಿ ಪೂರ್ವ. ಪರೀಕ್ಷೆಗೆ ಒಂದು ಫ್ರೀಕ್ವೆನ್ಸಿ ಸಾಕು: 11090, ವರ್ಟಿಕಲ್ (ಅಲೆ ಲಂಬ; ಹಾರಿಜಾಂಟಲ್ ಅಂದರೆ ಅಡ್ಡ), ಸಿಂಬಲ್ ರೇಟ್ 29500. ಎಲ್‌ಎನ್‌ಬಿ ಅಂದರೆ ಛತ್ರಿಯ ತೋಳಿನ ತುದಿಯಲ್ಲಿ ಕೂತು, ಸಿಗ್ನಲ್ ಹಿಡಿದು ಫ್ರೀಕ್ವೆನ್ಸಿ ಇಳಿಸಿ ವೈರಿಗೆ ಕೊಡುವ ಡಬ್ಬಿ. ಅದರ ಬಗೆ ಯೂನಿವರ್ಸಲ್, ಅಂದರೆ 9750 ಮತ್ತು 10600. 22 ಕಿಲೋಹರ್ಟ್ಸ್ ಆಟೋ ಇರಲಿ. ಟಿವಿಯ ಮೆನುವಿನಲ್ಲಿ ಎಲ್‌ಎನ್‌ಬಿ ಪವರ್ ಆನ್ ಇದೆಯಾ ನೋಡಿ. ಕೆಲವು ಟಿವಿಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಈ ಅಂಕಿಗಳ ಹಿಂದಿನ ಲೆಕ್ಕ ಸುಲಭ. 11090ರಲ್ಲಿ 9750 ಕಳೆದರೆ 1340. ಆ 1340 ಮೆಗಾಹರ್ಟ್ಸ್ ವೈರಿನಲ್ಲಿ ಇಳಿದು ಬರುತ್ತದೆ. ತಪ್ಪಾಗಿ ಬರೀ 10600 ಅಂತ ಹಾಕಿದರೆ ಉಳಿಯುವುದು 490. ಟ್ಯೂನರ್ ಕೇಳಿಸಿಕೊಳ್ಳುವುದು 950ರಿಂದ 2150ರವರೆಗೆ ಮಾತ್ರ. ಅಲ್ಲಿಗೆ ಮುಗಿಯಿತು, ಛತ್ರಿ ಸರಿಯಿದ್ದರೂ ಏನೂ ಬರುವುದಿಲ್ಲ.

ಈಗ ಸಿಗ್ನಲ್ ಪುಟದಲ್ಲಿ ಎರಡು ಪಟ್ಟಿ ಕಾಣುತ್ತವೆ: ಸ್ಟ್ರೆಂತ್ ಮತ್ತು ಕ್ವಾಲಿಟಿ. ಬಹಳ ಜನ ಸ್ಟ್ರೆಂತ್ ನೋಡಿ ಖುಷಿ ಪಡುತ್ತಾರೆ. ವೈರಿನ ತುದಿಗೆ ಜೀವಂತ ಎಲ್‌ಎನ್‌ಬಿ ಇದೆ ಅನ್ನುವುದಕ್ಕಿಂತ ಜಾಸ್ತಿ ಏನನ್ನೂ ಅದು ಹೇಳುವುದಿಲ್ಲ. ಛತ್ರಿಯನ್ನು ಗೋಡೆಗೆ ತಿರುಗಿಸಿದರೂ ಸ್ಟ್ರೆಂತ್ ತಕ್ಕಮಟ್ಟಿಗೆ ತೋರಿಸುತ್ತದೆ. ಸಂತೆಯಲ್ಲಿ ಗದ್ದಲ ಜೋರಾಗಿದೆ ಎಂದ ಮಾತ್ರಕ್ಕೆ ನಮಗೆ ಬೇಕಾದವರ ಮಾತು ಕೇಳಿಸುತ್ತದಾ? ಮಾತು ಕೇಳಿಸುತ್ತಿದೆಯೋ ಇಲ್ಲವೋ ಹೇಳುವುದು ಕ್ವಾಲಿಟಿ. ಸ್ಟ್ರೆಂತ್ ಸೊನ್ನೆ ಇದ್ದರೆ ವೈರ್ ಅಥವಾ ಎಲ್‌ಎನ್‌ಬಿಯ ಮೇಲೆ ಅನುಮಾನ. ಸ್ಟ್ರೆಂತ್ ತುಂಬಿ ಕ್ವಾಲಿಟಿ ಸೊನ್ನೆ ಇದ್ದರೆ ದಿಕ್ಕು ಅಥವಾ ಸೆಟ್ಟಿಂಗ್ ತಪ್ಪು. ಕ್ವಾಲಿಟಿ ಏರುತ್ತಾ ಇಳಿಯುತ್ತಾ ಇದ್ದರೆ ಸಡಿಲ ಜೋಡಣೆ, ಅಡ್ಡ ಬಂದ ಟೊಂಗೆ, ಇಲ್ಲವೇ ಕಾಕಾನ ಮನೆಯ ಕಥೆ.

ವೈರಿನ ಜಾಡು

ಬಾಕ್ಸ್ ಮತ್ತು ಟಿವಿ ಎರಡರ ಪ್ಲಗ್‌ನ ಸ್ವಿಚ್ಚನ್ನೂ ಆರಿಸಿ. ರಿಮೋಟ್‌ನಿಂದ ಆರಿಸಿದರೆ ಸಾಲದು. ಮಲಗಿದ ಬಾಕ್ಸ್ ಕೂಡ ವೈರಿಗೆ ಕರೆಂಟ್ ಕಳಿಸುತ್ತಿರುತ್ತದೆ.

ಟಿವಿ ತುದಿಯಲ್ಲಿ ತಿರುಗಿಸಿ ಹಾಕುವ ಎಫ್ ಪಿನ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ನಡುವಿನ ತಾಮ್ರದ ಕಡ್ಡಿ ಪಿನ್ನಿನ ಅಂಚಿನಿಂದ ಒಂದೆರಡು ಮಿಲಿಮೀಟರ್ ಹೊರಗೆ ಬಂದಿರಬೇಕು. ಸುತ್ತಲಿನ ಜಾಲರಿಯ ಕೂದಲಿನಂಥ ಎಳೆ ಒಂದೇ ಒಂದು ಆ ಕಡ್ಡಿಗೆ ತಾಗಿದರೂ ಶಾರ್ಟ್. ಟಿವಿ ಎಲ್‌ಎನ್‌ಬಿ ಶಾರ್ಟ್ ಎಂದು ಎಚ್ಚರಿಸಿದರೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಇದು ಲೆಕ್ಕ ಹಾಕಿ ಹೇಳಿದ್ದಲ್ಲ, ನನ್ನ ಕೈಗೆ ಬಂದ ಮನೆಗಳ ಮಾತು.

ಜಾಲರಿ ಹಸಿರಾಗಿದ್ದರೆ, ಕಪ್ಪಾಗಿದ್ದರೆ, ಒಳಗೆ ನೀರು ಇಳಿದಿದೆ. ಮಾಳಿಗೆ ತುದಿಯಿಂದ ಇಳಿದ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಜಾಲರಿಯೊಳಗೆ ಬಹಳ ದೂರ ಹರಿಯುತ್ತದೆ. ಪಿನ್ ಬದಲಿಸಿದರೆ ಸಾಲದು. ತಾಮ್ರ ಹೊಳೆಯುವವರೆಗೆ ವೈರ್ ಕತ್ತರಿಸಿ. ಮತ್ತೆ ಜೋಡಿಸುವಾಗ ಎಲ್‌ಎನ್‌ಬಿ ಹತ್ತಿರ ವೈರನ್ನು ಕೆಳಗೆ ಜೋಲುವಂತೆ ಒಂದು ಸುತ್ತು ಬಿಡಿ. ನೀರು ಆ ಸುತ್ತಿನ ತಳದಿಂದ ತೊಟ್ಟಿಕ್ಕುತ್ತದೆ, ಪಿನ್ನಿನೊಳಗೆ ಹೋಗುವುದಿಲ್ಲ. ಕೆಟ್ಟ ವೈರಿನ ಇನ್ನೊಂದು ಗುಣ ಗೊತ್ತಿರಲಿ. ಅದು ಮೊದಲು ನುಂಗುವುದು ಮೇಲಿನ ಫ್ರೀಕ್ವೆನ್ಸಿಗಳನ್ನು. ಹಾಗಾಗಿ ಕೆಲವು ಚಾನೆಲ್ ಹೋಗಿ ಕೆಲವು ಉಳಿದಿದ್ದರೆ ಛತ್ರಿ ಸರಿದಿದೆ ಎಂದು ತೀರ್ಮಾನ ಮಾಡಬೇಡಿ.

ಮಲ್ಟಿಮೀಟರ್ ಇದ್ದರೆ ಒಂದೇ ನಿಮಿಷದ ಪರೀಕ್ಷೆ. ಮಾಳಿಗೆಯಲ್ಲಿ ಎಲ್‌ಎನ್‌ಬಿಯಿಂದ ಪಿನ್ ಬಿಚ್ಚಿ. ಕೆಳಗೆ ಯಾರಾದರೂ ಟಿವಿ ಹಚ್ಚಲಿ. ನಡುವಿನ ಕಡ್ಡಿಗೂ ಹೊರಗಿನ ಪಿನ್ನಿಗೂ ಮೀಟರ್ ಹಿಡಿದರೆ ಸುಮಾರು 13 ವೋಲ್ಟ್ ಅಥವಾ ಸುಮಾರು 18 ವೋಲ್ಟ್ ತೋರಿಸಬೇಕು. ಈ ಎರಡು ಅಂಕಿಗಳನ್ನು ನೆನಪಿಡಿ, ಮುಂದೆ ಬೇಕು. ಸೊನ್ನೆ ಇದ್ದರೆ ದೋಷ ನಿಮ್ಮ ಕಾಲ ಕೆಳಗೆ ಎಲ್ಲೋ ಇದೆ. ಮೀಟರಿನ ಮೊನೆ ಜಾರಿ ಎರಡಕ್ಕೂ ತಾಗದಂತೆ ನೋಡಿಕೊಳ್ಳಿ.

ಮೀಟರ್ ಇಲ್ಲದವರಿಗೆ ನನ್ನ ಮೆಚ್ಚಿನ ಉಪಾಯ ಇನ್ನೊಂದಿದೆ. 20 ಮೀಟರ್ ಒಳ್ಳೆಯ ಆರ್‌ಜಿ-6 ವೈರ್, ಎರಡೂ ತುದಿಗೆ ಪಿನ್ ಹಾಕಿ ಇಟ್ಟುಕೊಳ್ಳಿ. ಅದನ್ನು ಎಲ್‌ಎನ್‌ಬಿಯಿಂದ ನೇರವಾಗಿ ಕಿಟಕಿಯಲ್ಲಿ ಇಳಿಬಿಟ್ಟು ಟಿವಿಗೆ ಚುಚ್ಚಿ. ಗೋಡೆಯೊಳಗಿನ ಪೈಪ್, ನಡುವಿನ ಜಾಯಿಂಟ್, ಯಾರೋ ಎಂದೋ ಹಾಕಿದ ಟೇಪ್, ಎಲ್ಲವೂ ಲೆಕ್ಕದಿಂದ ಹೊರಗೆ. ಚಿತ್ರ ಬಂದರೆ ಛತ್ರಿ ನಿರಪರಾಧಿ. ಕಾಕಾನ ಮನೆಯಲ್ಲಿ ನಾನು ಇದನ್ನು ಮೊದಲೇ ಮಾಡಿದ್ದರೆ ಕಾಕೂ ಮಾಡಿದ್ದ ಬಿಸಿ ರೊಟ್ಟಿ ಆರುವ ಮೊದಲೇ ಕೆಲಸ ಮುಗಿಯುತ್ತಿತ್ತು.

ಎರಡು ಛತ್ರಿಯ ವೈರ್ ಸೇರುವ ಜಾಗ

ಕಿಟಕಿಯಿಂದ ವೈರ್ ಇಳಿಬಿಟ್ಟಾಗ ಫ್ರೀ ಡಿಶ್ ಸ್ವಚ್ಛವಾಗಿ ಬಂತು. ಹಾಗಾದರೆ ಕಳ್ಳ ದಾರಿಯಲ್ಲಿದ್ದಾನೆ. ನೀರಿನ ಟ್ಯಾಂಕ್ ಹಿಂದೆ ಹುಡುಕಿದಾಗ ಸಿಕ್ಕ: ಹೆಬ್ಬೆರಳಿನಷ್ಟು ಒಂದು ಸ್ಪ್ಲಿಟರ್, ಒಂದು ವೈರನ್ನು ಎರಡು ಕವಲು ಮಾಡುವ ತುಂಡು.

ಆಗಿದ್ದು ಇಷ್ಟು. ಮಾಳಿಗೆಯಿಂದ ಹಾಲ್‌ಗೆ ಗೋಡೆಯೊಳಗೆ ಒಂದೇ ವೈರ್. ಛತ್ರಿ ಎರಡು. ಹಾಕಲು ಬಂದ ಹುಡುಗ ಮೇಲೆ ಸ್ಪ್ಲಿಟರನ್ನು ಉಲ್ಟಾ ಹಾಕಿ ಎರಡು ಎಲ್‌ಎನ್‌ಬಿಗಳನ್ನು ಒಂದೇ ವೈರಿಗೆ ಸೇರಿಸಿದ್ದ. ಕೆಳಗೆ ಟಿವಿ ಹಿಂದೆ ಇನ್ನೊಂದು ಸ್ಪ್ಲಿಟರ್ ಹಾಕಿ, ಒಂದು ತುದಿ ಡಿಟಿಎಚ್ ಬಾಕ್ಸ್‌ಗೆ, ಇನ್ನೊಂದು ಟಿವಿಗೆ. ನೋಡಲು ಅಚ್ಚುಕಟ್ಟು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೇಬಲ್ ಮತ್ತು ಆಂಟೆನಾ ಕಾಲದಲ್ಲಿ ಇದು ನಡೆಯುತ್ತಿತ್ತು. ಆಂಟೆನಾದ ಸಿಗ್ನಲ್ ಸುಮಾರು 860 ಮೆಗಾಹರ್ಟ್ಸ್ ಒಳಗೆ, ಎಲ್‌ಎನ್‌ಬಿಯದ್ದು 950ರ ಮೇಲೆ. ಡೈಪ್ಲೆಕ್ಸರ್ ಎಂಬ ಪುಟ್ಟ ಡಬ್ಬಿ ಎರಡನ್ನೂ ಒಂದೇ ವೈರಿನಲ್ಲಿ ಕಳಿಸಿ ಕೆಳಗೆ ಮತ್ತೆ ಬೇರೆ ಮಾಡುತ್ತದೆ. ಆಂಟೆನಾದಿಂದ ಊರಿನ ಎಚ್‌ಡಿ ಬರುವ ದೇಶಗಳಲ್ಲಿ ಈಗಲೂ ಹೀಗೇ ಮಾಡುತ್ತಾರೆ.

ಎರಡೂ ಛತ್ರಿಯೇ ಆದಾಗ ಆ ಲೆಕ್ಕ ನಡೆಯುವುದಿಲ್ಲ. ಎರಡೂ ಎಲ್‌ಎನ್‌ಬಿಗಳು ಇಳಿಸುವುದು ಅದೇ 950ರಿಂದ 2150ರ ಒಳಗೆ. ಒಂದೇ ಓಣಿಯಲ್ಲಿ ಎರಡು ಮೆರವಣಿಗೆ ಎದುರಾದ ಹಾಗೆ. ಎಲ್ಲಿ ಒಂದರ ಮೇಲೊಂದು ಬೀಳುತ್ತವೋ ಅಲ್ಲಿ ಎರಡೂ ಕೆಡುತ್ತವೆ. ಎಲ್ಲಿ ಬೀಳುವುದಿಲ್ಲವೋ ಅಲ್ಲಿ ಹೇಗೋ ನಡೆಯುತ್ತದೆ. ಅದಕ್ಕೇ ಕೆಲವು ಚಾನೆಲ್ ಉಳಿದುಕೊಂಡಿದ್ದವು. ಅದಕ್ಕೇ ಕಾಕಾನಿಗೂ ನನಗೂ ಇದು ಛತ್ರಿ ಸರಿದ ಲಕ್ಷಣದ ಹಾಗೆ ಕಂಡಿದ್ದು.

ಇನ್ನೂ ದೊಡ್ಡ ತೊಂದರೆ ಕೆಳಗಿನಿಂದ ಮೇಲೆ ಹೋಗುವ ಕರೆಂಟಿನದು. ಆಗ ನೆನಪಿಡಿ ಅಂದ ಅಂಕಿಗಳು ಇಲ್ಲಿ ಬೇಕು. ಎಲ್‌ಎನ್‌ಬಿಗೆ 13 ವೋಲ್ಟ್ ಬಂದರೆ ಅದು ವರ್ಟಿಕಲ್ ಹಿಡಿಯುತ್ತದೆ, 18 ಬಂದರೆ ಹಾರಿಜಾಂಟಲ್. 22 ಕಿಲೋಹರ್ಟ್ಸ್ ಟೋನ್ ಬಂದರೆ ಮೇಲಿನ ಬ್ಯಾಂಡ್, ಬರದಿದ್ದರೆ ಕೆಳಗಿನದು. ಅಂದರೆ ಎಲ್‌ಎನ್‌ಬಿ ಒಂದು ಹೊತ್ತಿಗೆ ಒಬ್ಬರ ಹುಕುಂ ಮಾತ್ರ ಪಾಲಿಸುತ್ತದೆ. ಇಲ್ಲಿ ಒಂದೇ ವೈರಿನಲ್ಲಿ ಇಬ್ಬರು ಯಜಮಾನರು. ಟಿವಿ 13 ಕೇಳುತ್ತಿರುವಾಗ ಬಾಕ್ಸ್ 18 ಕೇಳಿದರೆ ಜಾಸ್ತಿ ಇದ್ದದ್ದೇ ಗೆಲ್ಲುತ್ತದೆ. ಫ್ರೀ ಡಿಶ್ ಎಲ್‌ಎನ್‌ಬಿ ಕೂಡ ಹಾರಿಜಾಂಟಲ್‌ಗೆ ಹೊರಳುತ್ತದೆ, ಡಿಡಿ ಮಾಯ. ಬಾಕ್ಸಿನಲ್ಲಿ ಬೇರೆ ಚಾನೆಲ್ ಹಾಕಿ, ಅದು 13 ಕೇಳುವಂಥದ್ದಾದರೆ ಡಿಡಿ ಮತ್ತೆ ಹಾಜರ್. ಕಾಕಾ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ಇದನ್ನೇ.

ನಿಮ್ಮ ಮನೆಯಲ್ಲಿ ಇದೇ ರೋಗ ಇದೆಯಾ ಎಂದು ತಿಳಿಯಲು ಮಾಳಿಗೆ ಹತ್ತುವುದೂ ಬೇಡ. ಫ್ರೀ ಡಿಶ್ ನೋಡುತ್ತಾ ಡಿಟಿಎಚ್ ಬಾಕ್ಸಿನ ಪ್ಲಗ್ ಆರಿಸಿ. ಹೋದ ಚಾನೆಲ್ ಮರಳಿ ಬಂದರೆ ರೋಗ ಸಿಕ್ಕ ಹಾಗೆ.

ಮದ್ದು ಸರಳ: ಎರಡನೇ ವೈರ್ ಎಳೆಯಿರಿ. ಛತ್ರಿ ಎರಡು, ನೋಡುವ ಪೆಟ್ಟಿಗೆ ಎರಡು ಅಂದರೆ ವೈರೂ ಎರಡು. ಗೋಡೆ ಒಡೆಯಲು ಮನಸ್ಸಿಲ್ಲದವರು ಹೊರಗೋಡೆಯ ಮೇಲೆ ಕ್ಲಿಪ್ ಹೊಡೆದು ಕಿಟಕಿ ಮೂಲೆಯಿಂದ ಒಳಗೆ ತರಬಹುದು. ಅಂದ ಸ್ವಲ್ಪ ಕೆಡುತ್ತದೆ, ಕಾಕೂ ಮುಖವೂ ಸ್ವಲ್ಪ ಕೆಟ್ಟಿತ್ತು. ಅಂಗಡಿಯವರು ಡೈಸೆಕ್ ಸ್ವಿಚ್ ಹಾಕಿದರೆ ಒಂದೇ ವೈರ್ ಸಾಕು ಅನ್ನುತ್ತಾರೆ. ನಿಜ, ಆದರೆ ಕೆಳಗೆ ಒಂದೇ ಪೆಟ್ಟಿಗೆ ಇದ್ದಾಗ. ಆ ಸ್ವಿಚ್ ಒಂದು ಪೆಟ್ಟಿಗೆಗೆ ಎರಡು ಛತ್ರಿಗಳನ್ನು ಸರದಿಯಲ್ಲಿ ತೋರಿಸುತ್ತದೆ. ಎರಡು ಪೆಟ್ಟಿಗೆಗಳ ಜಗಳ ಬಿಡಿಸುವುದಿಲ್ಲ. ನಿಮ್ಮದು ಸನ್ ಡೈರೆಕ್ಟ್ ಆಗಿದ್ದು ಛತ್ರಿ 93.5 ಡಿಗ್ರಿಗೇ ನೋಡುತ್ತಿದ್ದರೆ ಎರಡನೇ ಛತ್ರಿಯೇ ಬೇಡ. ಎರಡು ತುದಿ ಇರುವ ಟ್ವಿನ್ ಎಲ್‌ಎನ್‌ಬಿ ಹಾಕಿ, ಒಂದು ವೈರ್ ಬಾಕ್ಸ್‌ಗೆ, ಒಂದು ಟಿವಿಗೆ ತನ್ನಿ.

ಕೊನೆಗೆ ಛತ್ರಿ

ಇಷ್ಟೆಲ್ಲ ನೋಡಿ, ಕಿಟಕಿ ವೈರಿನಿಂದಲೂ ಬರಲಿಲ್ಲ ಅಂದರೆ ಮಾತ್ರ ಪಾನಾ ತೆಗೆದುಕೊಳ್ಳಿ. ಗಾಳಿ ಇರುವಾಗ, ಮಳೆಯಲ್ಲಿ, ಕರೆಂಟ್ ತಂತಿ ಹತ್ತಿರ ಇರುವ ಕಡೆ ಹತ್ತಬೇಡಿ. ಬಿಚ್ಚುವ ಮೊದಲು ಕಂಬ ಮತ್ತು ಹಿಡಿಕೆ ಎರಡಕ್ಕೂ ಸೇರುವಂತೆ ಮಾರ್ಕರಿನಿಂದ ಗೆರೆ ಎಳೆಯಿರಿ. ನಾನು ಎಳೆದಿರಲಿಲ್ಲ, ಅದಕ್ಕೇ ಎರಡು ತಾಸು ಹೋಯಿತು.

93.5 ಡಿಗ್ರಿಯ ಉಪಗ್ರಹ ಬೆಳಗಾವಿಯಿಂದ ಉತ್ತರದಿಂದ ಬಲಕ್ಕೆ ಸುಮಾರು 128 ಡಿಗ್ರಿಯಲ್ಲಿದೆ, ಬಾಗಲಕೋಟೆಯಿಂದ 131, ವಿಜಯಪುರದಿಂದ 132. ಮೂರೂ ಆಗ್ನೇಯವೇ. ಎತ್ತರ ಮೂರೂ ಊರಿಗೆ 61ರಿಂದ 62 ಡಿಗ್ರಿ. ಆದರೆ ಛತ್ರಿಯನ್ನು ಅಷ್ಟು ಮೇಲಕ್ಕೆ ಎತ್ತಬೇಡಿ. ಮನೆಗಳಲ್ಲಿರುವುದು ಆಫ್‌ಸೆಟ್ ಛತ್ರಿ. ಅದರ ಮುಖ ತಾನು ನೋಡುವುದಕ್ಕಿಂತ ಸುಮಾರು 25 ಡಿಗ್ರಿ ಕೆಳಗೆ ಬಾಗಿದಂತೆ ಕಾಣುತ್ತದೆ. ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬದ ಹತ್ತಿರ ಹಿಡಿದರೆ ಸುಳ್ಳು ಹೇಳುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು ನೋಡಿ.

93.5ರ ಅಕ್ಕಪಕ್ಕ ಖಾಲಿ ಇಲ್ಲ. 91.5ರಲ್ಲಿ ಒಂದು ಕಡೆ, 95ರಲ್ಲಿ ಇನ್ನೊಂದು ಕಡೆ ಬೇರೆ ಉಪಗ್ರಹಗಳಿವೆ. ಒಂದೂವರೆ ಡಿಗ್ರಿ ಅಂದರೆ ಛತ್ರಿಯ ಅಂಚಿನಲ್ಲಿ ಬೆರಳಿನಗಲವೂ ಇಲ್ಲ. ಪಕ್ಕದ್ದಕ್ಕೆ ತಿರುಗಿದರೆ ಸ್ಟ್ರೆಂತ್ ಭರ್ತಿ, 11090ರಲ್ಲಿ ಕ್ವಾಲಿಟಿ ಸೊನ್ನೆ. ನಾನು ಸಿಕ್ಕಿಬಿದ್ದದ್ದು ಅಲ್ಲೇ. ಕೂದಲೆಳೆಯಷ್ಟು ತಿರುಗಿಸಿ, ಎರಡು ಮೂರು ಸೆಕೆಂಡ್ ಕಾಯಿರಿ, ಮತ್ತೆ ತಿರುಗಿಸಿ. ಮೀಟರ್ ನಿಧಾನಕ್ಕೆ ಏಳುತ್ತದೆ. ದಿಕ್ಕು ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನೂ ಅದರ ಹಿಡಿಕೆಯಲ್ಲಿ ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿ. ಕ್ವಾಲಿಟಿ ಅಲ್ಲೂ ಸ್ವಲ್ಪ ಸಿಗುತ್ತದೆ.

ಛತ್ರಿ ತಾನಾಗಿ ಸರಿಯುವುದಿಲ್ಲ, ಯಾರೋ ಸರಿಸುತ್ತಾರೆ. ಮಂಗಗಳು ಜೋತು ಬೀಳುತ್ತವೆ. ಕಾಕಾನ ಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಡಿಟಿಎಚ್ ಛತ್ರಿಯ ಕಂಬಕ್ಕೇ ಕಟ್ಟಿತ್ತು! ಎರಡು ಒದ್ದೆ ಇಳಕಲ್ ಸೀರೆ, ಒಂದು ರಗ್ಗು. ಕಂಬ ಬಾಗದೆ ಇನ್ನೇನು ಮಾಡೀತು? ಸೀರೆ ಒಣಗಿ ಹಗುರಾದಾಗ ಚಾನೆಲ್ ಬರುತ್ತದೆ, ಒಗೆದ ದಿನ ಹೋಗುತ್ತದೆ. ಇಂಥದ್ದನ್ನು ಯಾವ ಮೀಟರೂ ಹೇಳುವುದಿಲ್ಲ.

ಬೇವಿನ ಗಿಡವೂ ಹಾಗೆ. ಛತ್ರಿ ಹಾಕಿದಾಗ ಗೇಣು ದೂರ ಇದ್ದ ಟೊಂಗೆ ಮೂರು ವರ್ಷದಲ್ಲಿ ಅಡ್ಡ ಬರುತ್ತದೆ. ಎಲೆ ಚಿಗುರಿದಾಗ ಚಾನೆಲ್ ಹೋಗಿ, ಎಲೆ ಉದುರಿದಾಗ ಬಂದರೆ ಅನುಮಾನವೇ ಬೇಡ.

ಮೋಡ ಮತ್ತು ಸೂರ್ಯ

ದಟ್ಟ ಕಪ್ಪು ಮೋಡ ಬಂದಾಗ ಹತ್ತು ನಿಮಿಷ ಹೋಗಿ ಬಂದರೆ ಅದು ದೋಷ ಅಲ್ಲ. ಈ ಫ್ರೀಕ್ವೆನ್ಸಿಯನ್ನು ಮಳೆಹನಿಗಳು ನುಂಗುತ್ತವೆ. ಸಣ್ಣ ಜಿಟಿಜಿಟಿ ಮಳೆಗೇ ಹೋದರೆ ಮಾತ್ರ ಛತ್ರಿ ಪೂರ್ತಿ ನೆಟ್ಟಗಿಲ್ಲ ಅಂತ ಅರ್ಥ. ಬಿಸಿಲಿನ ದಿನ ಹೇಗೋ ದಾಟುತ್ತಿದೆ ಅಷ್ಟೇ. ವಿಜಯಪುರದ ಒಣ ಹವೆಯಲ್ಲಿ ವರ್ಷಗಟ್ಟಲೆ ಗೊತ್ತಾಗದ ಈ ಕೊರತೆ ಬೆಳಗಾವಿಯ ಜುಲೈಯಲ್ಲಿ ಒಂದೇ ವಾರದಲ್ಲಿ ಬಯಲಾಗುತ್ತದೆ. ಅಲ್ಲಿನವರು 60 ಸೆಂಟಿಮೀಟರ್ ಬದಲು 75 ಅಥವಾ 90ರ ಛತ್ರಿ ಹಾಕಿಸುವುದು ಒಳ್ಳೆಯದು. ಗುಡುಗು ಶುರುವಾದರೆ ಪ್ಲಗ್ ಕೀಳುವುದು ಮೂರೂ ಊರಿಗೆ ಸೇರಿದ ಮಾತು.

ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಫ್ರೀ ಡಿಶ್ ಲೆಕ್ಕದಲ್ಲಿ ನಮ್ಮ ಕಡೆಗೆ ಅದು ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ, ಬೆಳಿಗ್ಗೆ 11ರ ಸುಮಾರಿಗೆ. ಆಗ ಕೆಲವು ನಿಮಿಷ ಚಿತ್ರ ಹೋಗಬಹುದು, ಮೂರು ನಾಲ್ಕು ದಿನ ಅದೇ ಹೊತ್ತಿಗೆ. ಯಾರನ್ನೂ ಕರೆಸಬೇಡಿ, ತಾನಾಗಿ ಸರಿಯಾಗುತ್ತದೆ. ಬದಲಿಗೆ ಆ ಹೊತ್ತಿನ ಲಾಭ ಪಡೆಯಿರಿ. ಸೂರ್ಯ ಉಪಗ್ರಹದ ದಿಕ್ಕಿನಲ್ಲೇ ಇರುವುದರಿಂದ, ಆಗ ಛತ್ರಿಯ ಮೇಲೆ ಯಾವುದರ ನೆರಳು ಬೀಳುತ್ತದೋ ಅದೇ ಸಿಗ್ನಲ್‌ಗೆ ಅಡ್ಡ. ಎಲ್‌ಎನ್‌ಬಿಯ ತೋಳಿನ ನೆರಳು ಬಿಟ್ಟು ಬೇರೆ ಏನೂ ಕಾಣಬಾರದು.

ನಾವು ಎರಡನೇ ವೈರ್ ಎಳೆದದ್ದು ಸೆಪ್ಟೆಂಬರ್ ಎರಡನೇ ವಾರ. ಹಗ್ಗವನ್ನು ಟ್ಯಾಂಕಿನ ಕೊಂಡಿಗೆ ಕಟ್ಟಿದೆವು. ಬಾಕ್ಸಿನ ಎಚ್‌ಡಿ, ಡಿಡಿಯ ಎಚ್‌ಡಿ ಎರಡೂ ನಿಂತವು. ಮುಂದಿನ ತಿಂಗಳು ಒಂದನೇ ತಾರೀಕು 11ಕ್ಕೆ ಮಾಳಿಗೆ ಹತ್ತಿ ನೆರಳು ನೋಡಿರಿ ಎಂದು ಕಾಕಾನಿಗೆ ಹೇಳಿ ಬಂದಿದ್ದೆ. ಮರೆಯದೆ ಫೋಟೊ ಕಳಿಸಿದರು. ಫ್ರೀ ಡಿಶ್ ಛತ್ರಿಯ ಎಡ ಅಂಚಿನಲ್ಲಿ ಬೇವಿನ ಎಲೆಯ ನೆರಳು ಅಂಗೈಯಷ್ಟು ಬಿದ್ದಿತ್ತು. ಕೆಳಗೆ ಬರೆದಿದ್ದರು: "ಟೊಂಗಿ ಕಡೀಲೇನವಾ, ಇಲ್ಲಾ ಮುಂದಿನ ಮ್ಯಾಚ್ ಮುಗಿಲಿ?"